ರುಚಿಗೆ ತಕ್ಕಷ್ಟು

ಓಡೆನ್ಸೆ, ನವೆಂಬರ್. ನಾಲ್ಕಕ್ಕೇ ಕತ್ತಲು.
ಮೂರನೆಯ ಮಹಡಿಯಲ್ಲಿ ನಾನೂ ಪ್ರೆಬೆನ್ನೂ
ಗುಂಡಿಗಳ ವಿಷಯಕ್ಕೆ ಜಗಳವಾಡಿಕೊಂಡೆವು.

ಕಿವಿಯ ಯಂತ್ರಕ್ಕೆ ಫೋನಿನೊಳಗೊಂದು ಆ್ಯಪ್.
ಅದರಲ್ಲಿ ಅವನು ಇಪ್ಪತ್ತು ಜಾರುಪಟ್ಟಿ ಇಟ್ಟಿದ್ದ:
ಗಾಳಿಗೆ ಬೇರೆ, ಗದ್ದಲಕ್ಕೆ ಬೇರೆ,
ಚಮಚ ತಟ್ಟೆಗೆ ತಗಲುವ ಸದ್ದಿಗೂ ಬೇರೆ.
ನಾನು ಅಷ್ಟನ್ನೂ ಅಳಿಸಿದೆ.
ಒಂದೇ ಮಧ್ಯಾಹ್ನ, ನಾಲ್ಕು ಸಾವಿರ ಸಾಲು ಕೋಡು.
ಅಂಗಳ ಗುಡಿಸಿದವರು ಸೊಂಟಕ್ಕೆ ಕೈಯಿಟ್ಟು ನಿಲ್ಲುವಂತೆ
ನಿಂತು ನೋಡಿದೆ.

ಉಳಿದದ್ದು ಎರಡು ಗುಂಡಿ: ಜೋರು, ಮೆಲ್ಲಗೆ.
ಎಪ್ಪತ್ತು ದಾಟಿದ ಬೆರಳಿಗೆ ಇನ್ನೇನು ಬೇಕು?
ಪ್ರೆಬೆನ್ ಅಂದ, "ಪಟ್ಟಿ ತೆಗೆದೆ, ಸರಿ.
ಅದರ ಹಿಂದಿದ್ದ ಪ್ರಶ್ನೆಯನ್ನು ಎಲ್ಲಿಟ್ಟೆ?"
ನಾನು ಉತ್ತರ ಕೊಡಲಿಲ್ಲ.
ಗುರುವಾರ ಬಿಡುಗಡೆಯಿತ್ತು.

ಪ್ರಶ್ನೆ ಇದ್ದದ್ದು ಒಂದು ಕಡತದಲ್ಲಿ,
ಇನ್ನೂರ ಹನ್ನೆರಡನೆಯ ಸಾಲಿನಲ್ಲಿ,
ಸೊನ್ನೆ ಬಿಂದು ಆರು ಎಂಬ ಅಂಕಿಯಾಗಿ.
ಆರೇ ಯಾಕೆ?
ಐದು ಸಪ್ಪೆ, ಏಳು ಕಿರಿಕಿರಿ,
ಅವತ್ತು ನನಗೆ ಹಾಗನ್ನಿಸಿತ್ತು, ಅಷ್ಟೆ.
ನನ್ನ ಕಿವಿ ಚೆನ್ನಾಗಿದೆ.

ಮಾರ್ಚಿನಲ್ಲಿ ಐನಾರ್ ಬಂದರು, ಕೋಟಿನ ತುಂಬ ಹನಿ.
ನಲವತ್ತೊಂದು ವರ್ಷ ಚರ್ಚುಗಳ ಆರ್ಗನ್ನಿಗೆ ಶ್ರುತಿ ಕೂಡಿಸಿದವರು.
ಸಾವಿರದೆಂಟುನೂರು ಕೊಳವೆ,
ಒಂದೊಂದರ ಬಾಯನ್ನೂ ಹಿತ್ತಾಳೆಯ ಶಂಕುವಿನಿಂದ
ತಟ್ಟಿ, ತಡೆದು, ಮತ್ತೆ ತಟ್ಟಿದ ಕೈ.
ಫೋನನ್ನು ಮೇಜಿನ ಮೇಲಿಟ್ಟು
"ಮೂರು ಸಾವಿರದ ಹತ್ತಿರ ಯಾರೋ ಚಾಕು ಮಸೆಯುತ್ತಿದ್ದಾರೆ" ಅಂದರು.
"ಅಲ್ಲಿಗೆ ನನ್ನ ಕೈ ಹೋಗಬೇಕು. ದಾರಿ ಯಾವುದು?"
ದಾರಿಯಿಲ್ಲ. ಅಲ್ಲಿ ನಾನೇ ಗೋಡೆ ಕಟ್ಟಿದ್ದೆ,
ಸುಣ್ಣವನ್ನೂ ಬಳಿದಿದ್ದೆ.

ಪ್ರೆಬೆನ್ ತನ್ನ ಹಳೆಯ ಇಪ್ಪತ್ತನ್ನು ಅವರೊಬ್ಬರಿಗೆ ತೆರೆದುಕೊಟ್ಟ.
ಅವತ್ತು ರಾತ್ರಿ ಒಂಬತ್ತರಿಂದ ಹನ್ನೊಂದೂವರೆವರೆಗೆ
ಅವರ ಹೆಂಡತಿ ಬೋಡಿಲ್ ಅಡುಗೆಮನೆಯಲ್ಲಿ ಕೂತು
ಒಂದೇ ಮಾತು ಹೇಳಿದರಂತೆ: ಸಕ್ಕರೆ.
ಇನ್ನೊಮ್ಮೆ: ಸಕ್ಕರೆ.
ಒಮ್ಮೆ ಗಾಜು, ಒಮ್ಮೆ ಒದ್ದೆ ಮರಳು,
ಒಮ್ಮೆ ಯಾರೋ ಗುರುತಿಲ್ಲದ ಹೆಂಗಸು.
ಹದಿನಾಲ್ಕನೆಯ ಪಟ್ಟಿ ಒಲಿದರೆ ಒಂಬತ್ತನೆಯದು ಮುನಿಯುತ್ತಿತ್ತು.
"ನಾನೇನು ನಿನ್ನ ಕೊಳವೆಯೇ?" ಎಂದು
ಆಕೆ ದೀಪ ಆರಿಸಿ ಹೋಗಿ ಮಲಗಿದರಂತೆ.

ಇದನ್ನು ಹೇಳಿದ್ದು ಬೋಡಿಲ್ಲೇ, ಮರುವಾರ, ನಗುತ್ತ.
ಆಕೆಯ ಕಿವಿಯಲ್ಲೂ ನಮ್ಮದೇ ಯಂತ್ರ.
"ನನ್ನದಕ್ಕೂ ಗುಂಡಿ ಇದೆಯೇ? ನೋಡಿಯೇ ಇಲ್ಲ.
ಹಾಕಿಕೊಳ್ಳುತ್ತೇನೆ, ಕೇಳಿಸುತ್ತದೆ."
ಗೆದ್ದೆನೆಂದು ಪ್ರೆಬೆನ್ ಕಡೆ ತಿರುಗಿದೆ.
ಅವನು ಐನಾರರ ಹೆಬ್ಬೆರಳು ನೋಡುತ್ತಿದ್ದ.
ಹತ್ತೊಂಬತ್ತನ್ನು ಅವರು ಆಗಲೇ ಕೈಬಿಟ್ಟಿದ್ದರು;
ಉಳಿದೊಂದನ್ನು ಕೂದಲೆಳೆಯಷ್ಟು ಸರಿಸಿ, ಬಿಟ್ಟು,
ತಲೆ ವಾಲಿಸಿ, ಹೆಂಡತಿ ನಗುವುದನ್ನು
ಕೇಳುತ್ತಿದ್ದರು.

ನನ್ನಜ್ಜಿಯ ರೈ ಬ್ರೆಡ್ಡಿನ ಚೀಟಿಯಲ್ಲಿ
ಹಿಟ್ಟಿಗೆ ಅಳತೆಯಿದೆ, ನೀರಿಗೆ ಅಳತೆಯಿದೆ,
ಹುಳಿ ಬರಲು ಎಷ್ಟು ಗಂಟೆ ಎಂದೂ ಇದೆ.
ಉಪ್ಪಿನ ಎದುರು ಮಾತ್ರ: ರುಚಿಗೆ ತಕ್ಕಷ್ಟು.
ಯಾರ ರುಚಿಗೆ, ಎಂದು ಚಿಕ್ಕಂದಿನಲ್ಲಿ ಕೇಳಿದ್ದೆ.
ಅವಳು ಮಾತಾಡದೆ, ಹಿಟ್ಟು ಮೆತ್ತಿದ ಬೆರಳನ್ನು
ನನ್ನ ಬಾಯಿಗಿಟ್ಟಿದ್ದಳು.

ಆ ರಾತ್ರಿ ಕಡತ ತೆರೆದು
ಇನ್ನೂರ ಹನ್ನೆರಡರ ಮೇಲೆ ಒಂದು ಸಾಲು ಬರೆದೆ:
ಈ ಅಂಕಿ ನನ್ನ ಅಂದಾಜು. ಸಿಗ್ನೆ.
ಜೋರು-ಮೆಲ್ಲಗೆಯ ನಡುವೆ ಬೆರಳನ್ನು ಒತ್ತಿಹಿಡಿದರೆ
ಒಂದೇ ಒಂದು ಪಟ್ಟಿ ಏಳುವಂತೆ ಮಾಡಿದೆ.
ಪ್ರೆಬೆನ್ ಎಲ್ಲ ಓದಿ ಒಂದೇ ತಕರಾರು ಎತ್ತಿದ:
ಇದಕ್ಕೆ ಹೆಸರೇನು?

ಐದು ವಾರವಾಯಿತು. ಹೆಸರಿನ ಜಾಗ ಇನ್ನೂ ಖಾಲಿ.
ಬೋಡಿಲ್ಲಿಗೆ ಅದು ಕಾಣಿಸಲಿಕ್ಕಿಲ್ಲ.
ಐನಾರ್, ಕತ್ತಲಲ್ಲಿ ಏಣಿ ಹತ್ತಿ ಅಭ್ಯಾಸವಿರುವವರು,
ತಡವಿ ನೋಡಿಯಾರು.